ಜೆಮಾಳ ಅಳತೆಯ ಕುರ್ಚಿ

ಟೈ ಕಟ್ಟಿಕೊಳ್ಳಬಾರದಿತ್ತು ಎಂದು ಮರ್ವಿನ್ ಬೆಡೊಗೆ ಹೊಳೆದದ್ದು ಶಾಲೆಯ ಗೇಟು ಕಣ್ಣಿಗೆ ಬಿದ್ದ ಮೇಲೆ. ಮರಗೆಲಸದ ಮೇಷ್ಟ್ರಾಗಿ ಇಪ್ಪತ್ತೆರಡು ವರ್ಷ ಕಳೆದವನು ಅಷ್ಟೂ ವರ್ಷದಲ್ಲಿ ಟೈ ಕಟ್ಟಿದ್ದು ಎರಡೇ ಸಲ, ಎರಡು ಸಲವೂ ಯಾರೋ ಸತ್ತಿದ್ದರು. ಬೆಳಿಗ್ಗೆ ಕಪಾಟಿನ ಮುಂದೆ ನಿಂತಾಗ ಕೈ ತಾನೇ ಹೋಗಿ ಅದನ್ನು ಹಿಡಿದಿತ್ತು. ಹೆಂಡತಿ ಮೊರೀನ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ತಲೆ ಎತ್ತದೆ, "ಯಾರು ಹೋದ್ರು?" ಎಂದು ಕೇಳಿದ್ದಳು. ಯಾರೂ ಹೋಗಿಲ್ಲ, ಇವತ್ತು ಮಾರ್ಚ್ ಒಂದು, ಡೇವಿಡ್ ಸಂತನ ಹಬ್ಬ ಅಲ್ಲವೇ ಎಂದು ಇವನು ಗೊಣಗಿದ. ಹೋದ ವರ್ಷವೂ ಮಾರ್ಚ್ ಒಂದು ಬಂದಿತ್ತು, ಆಗ ಅಂಗಿಗೆ ಅಂಟು ಮೆತ್ತಿಕೊಂಡೇ ಹೋಗಿದ್ದೆಯಲ್ಲ ಎಂದು ಅವಳು ಹೇಳಲಿಲ್ಲ. ಹೇಳದೆ ನೋಡಿದಳು, ಅದು ಇನ್ನೂ ಕಷ್ಟ. ಮೂವತ್ತು ವರ್ಷ ನರ್ಸ್ ಆಗಿದ್ದವಳಿಗೆ ಮನುಷ್ಯರು ನೋವನ್ನು ಎಲ್ಲಿ ಬಚ್ಚಿಟ್ಟಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಮರ್ವಿನ್ ಚಹಾ ಅರ್ಧಕ್ಕೇ ಬಿಟ್ಟು ಎದ್ದುಬಂದ. ಈಗ ಆ ವೆಲ್ಷ್ ಕಣಿವೆಯ ಇಳಿಜಾರಿನಲ್ಲಿ ಗಾಳಿ ಆ ಟೈಯನ್ನು ಎತ್ತಿ ಎತ್ತಿ ಅವನ ಮುಖಕ್ಕೆ ಹೊಡೆಯುತ್ತಿತ್ತು.

ಗೇಟಿನ ಬಳಿ ಹುಡುಗರು ಆಗಲೇ ಶುರು ಹಚ್ಚಿಕೊಂಡಿದ್ದರು. ಹಬ್ಬಕ್ಕೆಂದು ಕೋಟಿಗೆ ಚುಚ್ಚಿಕೊಂಡು ಬಂದ, ಈರುಳ್ಳಿ ಜಾತಿಯ ಲೀಕ್ ದಂಟನ್ನು ಹಸಿಹಸಿಯಾಗಿ ಯಾರು ಮೊದಲು ತಿಂದು ಮುಗಿಸುತ್ತಾರೆ ಎಂಬ ಪಂದ್ಯ. ಹತ್ತು ಗಂಟೆಯ ಹೊತ್ತಿಗೆ ಇಡೀ ಸಭಾಂಗಣ ಹಸಿ ಈರುಳ್ಳಿ ನಾರುತ್ತದೆ. ಡ್ಯಾಫೋಡಿಲ್ ಹೂ ಸಿಕ್ಕಿಸಿಕೊಂಡ ಹುಡುಗಿಯರು ಮೂಗು ಹಿಡಿದುಕೊಂಡು ಹಾಡುತ್ತಾರೆ. ಪ್ರತಿವರ್ಷ ಇದನ್ನು ನೋಡಿ ನಗುತ್ತಿದ್ದವನು ಇವತ್ತು ತಲೆ ತಗ್ಗಿಸಿಕೊಂಡು ಗೇಟು ದಾಟಿದ. ಎಲ್ಲೋ, ಇವತ್ತು ತೀರ್ಪುಗಾರನಾಗಿ ಬರಲಿರುವ ಒಬ್ಬ ನಿವೃತ್ತ ಪಾದ್ರಿಯ ಚೀಲದಲ್ಲಿ ತಾನು ಎರಡು ಬೆರಳಲ್ಲಿ ಟೈಪು ಮಾಡಿದ ಒಂದು ಹಾಳೆ ಇದೆ. ಹತ್ತು ಸಾಲು, ವೆಲ್ಷ್ ಭಾಷೆಯಲ್ಲಿ. ಶಾಲೆಯ ಹಬ್ಬದ ಸ್ಪರ್ಧೆ ಐಸ್ತೆದ್ವೋದ್‌ನಲ್ಲಿ ಹಾಡು, ಕುಣಿತ, ಕಂಠಪಾಠ ಎಲ್ಲ ಇರುತ್ತವೆ, ಆದರೆ ಜನ ಕಾದು ಕೂರುವುದು ಪದ್ಯಕ್ಕೆ ಕುರ್ಚಿ ಕೊಡುವ ಕೊನೆಯ ಅರ್ಧ ಗಂಟೆಗೆ. ಬರೆದವರು ಸ್ವಂತ ಹೆಸರು ಹಾಕುವಂತಿಲ್ಲ, ಒಂದು ಗುಪ್ತನಾಮ ಹಾಕಬೇಕು. ತೀರ್ಪುಗಾರ ಗೆದ್ದ ಗುಪ್ತನಾಮವನ್ನು ಕೂಗುತ್ತಾನೆ, ಕಹಳೆ ಊದುತ್ತಾರೆ, ಆ ಹೆಸರಿನವರು ಕೂತಲ್ಲಿಂದ ಏಳಬೇಕು. ಎದ್ದವರಿಗೆ ಕುರ್ಚಿ. ಮೂರು ಸಲ ಕೂಗಿದರೂ ಯಾರೂ ಏಳದಿದ್ದರೆ ಆ ವರ್ಷ ಕುರ್ಚಿ ಖಾಲಿ, ಎರಡನೆಯವರಿಗೂ ಇಲ್ಲ. ಆ ಕುರ್ಚಿಯನ್ನು ಇಪ್ಪತ್ತೆರಡು ವರ್ಷದಿಂದ ಮಾಡಿಕೊಡುತ್ತಿದ್ದವನು ಮರ್ವಿನ್ನೇ. ತನ್ನ ಹೆಸರು ಕೂಗಿದರೆ ತಾನು ಏಳುತ್ತೇನೆಯೇ ಎಂಬುದು ಅವನಿಗೇ ಗೊತ್ತಿರಲಿಲ್ಲ. ಕೂಗದಿರಲಿ ಎಂದು ದೇವರನ್ನು ಬೇಡಿಕೊಂಡ. ದೇವರಲ್ಲಿ ನಂಬಿಕೆ ಇರಲಿಲ್ಲವಾದ್ದರಿಂದ ಎರಡು ಸಲ ಬೇಡಿಕೊಂಡ.

ಈ ಭಾಷೆ ಸತ್ತಿದೆ ಎಂದವನು ಅವನೇ. ಎರಡು ವರ್ಷದ ಹಿಂದೆ, ಹದಿನಾರು ತುಂಬುವ ತನಕ ಪ್ರತಿ ಮಗುವೂ ವೆಲ್ಷ್ ಕಲಿಯಲೇಬೇಕು ಎಂದು ಆದೇಶ ಬಂದಾಗ ವೇಳಾಪಟ್ಟಿಯಲ್ಲಿ ಜಾಗ ಬೇಕಾಯಿತು. ಜಾಗ ಸಿಕ್ಕಿದ್ದು ಮರಗೆಲಸದಲ್ಲಿ, ವಾರಕ್ಕೆ ಎರಡು ಪೀರಿಯಡ್ಡು. ಶಿಕ್ಷಕರ ಸಭೆಯಲ್ಲಿ ಮರ್ವಿನ್ ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ಹೇಳಿದ್ದ: "ಕುರ್ಚಿ ಮಾಡೋಕೆ ಬರೋರು ಬೇಕು ಈ ಊರಿಗೆ. ಸತ್ತ ಭಾಷೇಲಿ ಕುರ್ಚಿಗೆ ಏನಂತಾರೆ ಅಂತ ಗೊತ್ತಿರೋರು ಯಾತಕ್ಕೆ?" ಎಲ್ಲರೂ ನಕ್ಕಿದ್ದರು, ಹೆಡ್‌ಮಾಸ್ಟರೂ ಕೆಮ್ಮುವ ನೆಪದಲ್ಲಿ ನಕ್ಕಿದ್ದರು. ವೆಲ್ಷ್ ಕಲಿಸಲು ಉತ್ತರದ ಕಡೆಯಿಂದ ಹೊಸದಾಗಿ ಬಂದಿದ್ದ ಲೂನೆಡ್ ಗೆಥಿನ್, ಇಪ್ಪತ್ತಾರು ವರ್ಷದ ಹುಡುಗಿ, ಎದ್ದು ಹೊರಗೆ ಹೋದಳು. ಐದು ನಿಮಿಷ ಬಿಟ್ಟು ಮುಖ ತೊಳೆದುಕೊಂಡು ಬಂದು ತನ್ನ ಜಾಗದಲ್ಲಿ ಕೂತಳು. ಹಣೆಯ ಮೇಲಿನ ಕೂದಲು ಒದ್ದೆಯಾಗಿತ್ತು. ಆ ಒದ್ದೆ ಕೂದಲು ಮರ್ವಿನ್‌ನನ್ನು ಬಿಡಲೇ ಇಲ್ಲ. ಗರಗಸ ಎಳೆಯುವಾಗ, ಅಂಗಡಿಯಲ್ಲಿ ಆಲೂಗಡ್ಡೆ ಆರಿಸುವಾಗ ಅದು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ವಾರ ಕಳೆದ ಮೇಲೆ ಅವಳೇ ಕಾರ್ಯಾಗಾರಕ್ಕೆ ಬಂದಳು. ನಿಮ್ಮ ಅಕ್ಷರ ಚೆನ್ನಾಗಿದೆಯಂತೆ, ಇಲ್ಲಿನ ಸಾಮಾನಿಗೆಲ್ಲ ವೆಲ್ಷ್ ಹೆಸರು ಬರೆದು ಅಂಟಿಸಬೇಕಂತೆ, ಮೇಲಿನವರ ಆಜ್ಞೆ ಎಂದು ಒಂದು ಪಟ್ಟಿ ಕೊಟ್ಟಳು. ತಪ್ಪಾಯಿತು ಎನ್ನಲು ಅದೇ ಸಮಯವಾಗಿತ್ತು. ಮರ್ವಿನ್ ಅನ್ನಲಿಲ್ಲ. ಅದರ ಬದಲು ಎರಡು ದಿನ ಕೂತು, ಮೂವತ್ತೊಂದು ಪ್ಲೈವುಡ್ ಪಟ್ಟಿಗಳ ಮೇಲೆ ಕಪ್ಪು ಬಣ್ಣದಲ್ಲಿ, ಗೋರಿಕಲ್ಲಿಗೆ ಬರೆಯುವಷ್ಟು ಮುತುವರ್ಜಿಯಿಂದ ಬರೆದ. ಸುತ್ತಿಗೆ, ಕಿಟಕಿ, ಅಂಟು, ಕಸದ ಡಬ್ಬಿಗಳು, ಒಂದನ್ನೂ ಬಿಡಲಿಲ್ಲ. ಬರೆದದ್ದನ್ನು ಓದಲೂ ಇಲ್ಲ, ಚಿತ್ರ ಬಿಡಿಸಿದ ಹಾಗೆ ಬಿಡಿಸಿ ಮೊಳೆ ಹೊಡೆದ. ಲೆಕ್ಕ ಚುಕ್ತಾ ಎಂದುಕೊಂಡ.

ಆದರೆ ಹಾಗೆ ಬಿಟ್ಟುಬಿಡಲು ಹೆಡ್‌ಮಾಸ್ಟರೇನು ದಡ್ಡರೇ. ಮರಗೆಲಸದಿಂದ ಖಾಲಿಯಾದ ಎರಡು ಪೀರಿಯಡ್ಡಿನಲ್ಲಿ ಮರ್ವಿನ್ ಸುಮ್ಮನೆ ಕೂರುವುದು ಬೇಡವೆಂದು, ಲೂನೆಡ್‌ಳ ತರಗತಿಗಳಲ್ಲೇ ಅತ್ಯಂತ ಗಲಾಟೆಯ ವಿಭಾಗದಲ್ಲಿ, ಯಾವ ಪರೀಕ್ಷೆಯೂ ಪಾಸಾಗುವುದಿಲ್ಲ ಎಂದು ಶಾಲೆಯೇ ಕೈಬಿಟ್ಟಿದ್ದ ಇಪ್ಪತ್ತೆರಡು ಮಕ್ಕಳ ಹಿಂದೆ ಕಾವಲು ಕೂರಿಸಿದರು. ಕಡ್ಡಾಯವಾದದ್ದು ಮಕ್ಕಳಿಗೆ, ಸಿಕ್ಕಿಬಿದ್ದದ್ದು ಮರ್ವಿನ್. ಮೊದಲ ತಿಂಗಳುಗಳಲ್ಲಿ ಪತ್ರಿಕೆ ಬಿಡಿಸಿ ಮುಖ ಮುಚ್ಚಿಕೊಳ್ಳುತ್ತಿದ್ದ. ಪಕ್ಕದ ಡೆಸ್ಕಿನಲ್ಲಿ ಜೆಮಾ ಸ್ಕ್ಯೂಸ್. ಅಮ್ಮನ ಮೀನು ಚಿಪ್ಸ್ ಅಂಗಡಿಯಲ್ಲಿ ಸಂಜೆಯೆಲ್ಲ ದುಡಿಯುವ, ಸಣ್ಣ ಮೈಕಟ್ಟಿನ ಹುಡುಗಿ. ಅವಳಷ್ಟು ಒಳ್ಳೆಯ ಕೈಯನ್ನು ಕಾರ್ಯಾಗಾರದಲ್ಲಿ ಮರ್ವಿನ್ ಬೇರೆ ಕಂಡಿರಲಿಲ್ಲ. ಉಳಿ ಹಿಡಿದರೆ ಮರವೇ ಅವಳಿಗೆ ಜಾಗ ಬಿಡುತ್ತಿತ್ತು. ಕಿತ್ತುಕೊಂಡ ಎರಡು ಪೀರಿಯಡ್ಡು ಅವಳದ್ದೂ ಆಗಿತ್ತು. ಹಾಗಾಗಿ ಊಟದ ಬಿಡುವಿನಲ್ಲಿ ಅವಳು ಚಿಪ್ಸ್ ಪೊಟ್ಟಣ ಹಿಡಿದು ಕಾರ್ಯಾಗಾರಕ್ಕೆ ಬರುತ್ತಿದ್ದಳು, ಈ ವರ್ಷದ ಕುರ್ಚಿಯನ್ನು ಇಬ್ಬರೂ ಸೇರಿಯೇ ಮಾಡಿದರು. ಕುರ್ಚಿ ಗೆಲ್ಲುವವರು ಹೆಚ್ಚುಕಡಿಮೆ ಯಾವಾಗಲೂ ಹದಿನೈದು ವರ್ಷದ ಹುಡುಗಿಯರೇ ಆದ್ದರಿಂದ ಮರ್ವಿನ್ ಅವಳನ್ನೇ ಕೂರಿಸಿ ಮಂಡಿಯ ಎತ್ತರ, ಬೆನ್ನಿನ ಬಾಗು ಎಲ್ಲ ಅಳತೆ ತೆಗೆದಿದ್ದ. ಅವಳೇ ಗೆಲ್ಲಲಿ ಎಂದು ಮನಸ್ಸಿನಲ್ಲಿ ಇತ್ತೇ? ಇತ್ತು, ಆದರೆ ವೆಲ್ಷ್ ಎಂದರೆ ಅವಳು ಮೂಗು ಮುರಿಯುತ್ತಿದ್ದಳು.

ಒಂದು ದಿನ ಲೂನೆಡ್ ಏನೋ ಪ್ರಶ್ನೆ ಕೇಳಿದಾಗ ಜೆಮಾ ಗೊತ್ತಿಲ್ಲ ಎಂದು ಭುಜ ಕುಣಿಸಿದಳು. ಪತ್ರಿಕೆಯ ಹಿಂದಿನಿಂದ ಉತ್ತರ ಬಂತು. ತನ್ನ ಬಾಯಿಂದಲೇ ಬಂದದ್ದು ಎಂದು ಮರ್ವಿನ್‌ಗೆ ಗೊತ್ತಾದದ್ದು ತರಗತಿ ಗಪ್‌ಚಿಪ್ಪಾದ ಮೇಲೆ. "ಅಯ್ಯೋ, ಸರ್‌ಗೆ ಬರತ್ತೆ ಕಣ್ರೋ" ಎಂದು ಯಾರೋ ಅಂದರು. ಕದ್ದು ಸಿಕ್ಕಿಬಿದ್ದವನ ಹಾಗೆ ಅವನ ಕಿವಿ ಕೆಂಪಾಯಿತು, ಜೊತೆಗೇ ಎದೆಯೊಳಗೆ ಏನೋ ಪುಟಿದೆದ್ದು ಕುಣಿಯಿತು. ಐವತ್ತೇಳನೆಯ ವಯಸ್ಸಿನಲ್ಲಿ ಅಂಥ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದ. ಆಮೇಲೆ ಪತ್ರಿಕೆ ತರುವುದನ್ನೇ ಬಿಟ್ಟ. ಜನವರಿಯಲ್ಲಿ ಲೂನೆಡ್ ಪ್ರಕಟಣೆ ಹಾಕಿದಳು: ಪದ್ಯದ ವಿಷಯ 'ಕೈಗಳು', ಈ ಸಲ ಅಡುಗೆಮನೆಯವರಿಂದ ಹೆಡ್‌ಮಾಸ್ಟರ್ ತನಕ ಶಾಲೆಯ ಯಾರು ಬೇಕಾದರೂ ಬರೆಯಬಹುದು. ನೀನು ಬರಿ ಎಂದು ಮರ್ವಿನ್ ಜೆಮಾಳಿಗೆ ಹೇಳಿದ್ದಕ್ಕೆ ಅವಳು, "ನೀವು ಬರೆದ್ರೆ ನಾನೂ ಬರೀತೀನಿ. ಮಾತು ಕೊಡಿ ಮತ್ತೆ" ಎಂದಳು. ಅವಳಿಂದ ಬರೆಸಲಿಕ್ಕಾಗಿ ಮಾತು ಕೊಟ್ಟ. ಬರೆದದ್ದನ್ನು ಒಬ್ಬರಿಗೊಬ್ಬರು ತೋರಿಸಲಿಲ್ಲ, ಹೆಸರೂ ಹೇಳಲಿಲ್ಲ, ಅದು ನಿಯಮ. ಗುಪ್ತನಾಮಕ್ಕಾಗಿ ಮರ್ವಿನ್ ಗ್ರಂಥಾಲಯದ ನಿಘಂಟಿನಲ್ಲಿ ಒಂದು ಗಂಟೆ ಹುಡುಕಿ, ಈ ಶಾಲೆಯಲ್ಲಿ ಯಾರಿಗೂ ಅರ್ಥವಾಗದು ಎನ್ನಿಸಿದ ಒಂದು ಶಬ್ದ ಆರಿಸಿಕೊಂಡ. ನದ್ದಿಯೋನ್. ಮರ ಕೀಸುವಾಗ ಉದುರುವ ಸುರುಳಿ ಚೂರು.

ಆ ಪದ್ಯ ಬರೆದದ್ದು ತಾನೇ ಹೌದೇ ಎಂಬ ಅನುಮಾನ ಅವನಿಗೆ ಈಗಲೂ ಇತ್ತು. ಅಜ್ಜಿ ಒಲೆಯ ಮೇಲಿನ ಕಲ್ಲಿಗೆ ಒಣದ್ರಾಕ್ಷಿ ಹಾಕಿದ ಹಿಟ್ಟಿನ ಬಿಲ್ಲೆಗಳನ್ನು ಒಂದೊಂದಾಗಿ ಇಡುತ್ತ ವೆಲ್ಷ್‌ನಲ್ಲಿ ಎಣಿಸುತ್ತಿದ್ದಳು. ಮನೆಯಲ್ಲಿ ಆ ಭಾಷೆ ಉಳಿದಿದ್ದದ್ದು ಅಷ್ಟೇ, ಹನ್ನೆರಡರ ತನಕ. ಕಲ್ಲಿನ ಮೇಲೆ ಹಿಡಿಸುತ್ತಿದ್ದದ್ದು ಹನ್ನೆರಡು. ಅವಳೇ ಅವನಿಗೆ ಎಂಟು ಸಾಲಿನ ಒಂದು ಪದ್ಯ ಬಾಯಿಪಾಠ ಮಾಡಿಸಿದ್ದಳು, ಅರ್ಥ ಹೇಳಿರಲಿಲ್ಲ, ಬಹುಶಃ ಅವಳಿಗೂ ಪೂರ್ತಿ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಮರ್ವಿನ್ ಇಂಥದೇ ಮಾರ್ಚ್ ಒಂದರಂದು ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಹೆಸರು ಕೂಗಿದೊಡನೆ ಆ ಪದ್ಯ ಹೇಳಲು ಎದ್ದು ನಿಂತ. ಎರಡು ಸಾಲು ಬಂತು. ಮೂರನೆಯದು ಬರಲಿಲ್ಲ. ಯಾರೋ ಕಿಸಕ್ಕೆಂದರು. ಉಕ್ಕಿನ ಕಾರ್ಖಾನೆಯ ಪಾಳಿ ಬಿಟ್ಟು, ಇರುವ ಒಂದೇ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದ ಅಪ್ಪ ತನ್ನ ಟೋಪಿಯೊಳಗೆ ಏನೋ ಬಿದ್ದುಹೋಗಿದೆ ಎನ್ನುವ ಹಾಗೆ ಅದರೊಳಗೇ ನೋಡುತ್ತ ಕೂತ. ಪಾದ್ರಿಯ ಹೆಂಡತಿ ಬಂದು ಕೈ ಹಿಡಿದು ಕೂರಿಸುವ ತನಕ ಮರ್ವಿನ್ ನಿಂತೇ ಇದ್ದ. ಮನೆಗೆ ಹೋಗುವಾಗ ಅಪ್ಪ ಹೆಗಲ ಮೇಲೆ ಕೈ ಹಾಕಿ, ಹೋಗಲಿ ಬಿಡು ಮಗನೇ, ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ ಎಂದ. ಸಮಾಧಾನಕ್ಕೆಂದು ಹೇಳಿದ ಮಾತನ್ನು ಮರ್ವಿನ್ ನಲವತ್ತೆಂಟು ವರ್ಷ ಕಾನೂನಿನ ಹಾಗೆ ಪಾಲಿಸಿದ. ಅಂದಿನಿಂದ ಯಾವ ಸಭೆಯಲ್ಲೂ ಎದ್ದು ನಿಂತಿರಲಿಲ್ಲ. ತನ್ನ ಮದುವೆಯ ಊಟದಲ್ಲಿ ಕೂಡ ನಾಲ್ಕು ಮಾತು ಕೂತೇ ಆಡಿದ್ದ. ಕಾಲು ನೋವು ಎಂದು ಮೊರೀನ್‌ಳ ತಾಯಿಗೆ ಸುಳ್ಳು ಹೇಳಿದ್ದ.

ಗಂಟೆ ಹೊಡೆಯುವ ಮೊದಲೇ ಲೂನೆಡ್‌ಗೆ ಹೇಳಿಬಿಡುವುದು, ಆ ಹಾಳೆಯನ್ನು ಹಿಂದಕ್ಕೆ ತೆಗೆಸುವುದು ಎಂದು ಗಟ್ಟಿ ಮಾಡಿಕೊಂಡು ಸಭಾಂಗಣಕ್ಕೆ ಹೋದ. ಅವಳು ವೇದಿಕೆಯ ಮೇಲೆ ಮಂಡಿಯೂರಿ ಕೂತು ಕುರ್ಚಿಯನ್ನು ಅಲ್ಲಾಡಿಸಿ ನೋಡುತ್ತಿದ್ದಳು. ಕಾಲು ಕುಂಟುತ್ತಿದೆ, ನೋಡಿ ಎಂದಳು. ಕುಂಟುತ್ತಿದ್ದದ್ದು ಕುರ್ಚಿಯಲ್ಲ, ವೇದಿಕೆಯ ಹಲಗೆ. ಮರ್ವಿನ್ ತನ್ನ ಗೌರವಕ್ಕೆ ಕುಂದು ಬಂದವನಂತೆ ಅದನ್ನು ತೋರಿಸಿ, ಕೆಳಗೆ ತೆಳುವಾದ ಚಕ್ಕೆ ಕೊಟ್ಟು ಸರಿಮಾಡಿದ. ಕುರ್ಚಿಯ ಎಡ ತೋಳಿನ ಸಂದಿನಲ್ಲಿ ಒಂದು ಕೂದಲೆಳೆಯ ಬಿರುಕು ಬಂದಿತ್ತು, ಅಂಟಿಗೆ ಮರದ ಪುಡಿ ಕಲಸಿ ಅದನ್ನು ಮುಚ್ಚಿದ್ದ. ಅದು ಅವಳಿಗೆ ಕಾಣಲಿಲ್ಲ. ಈಗ ಹೇಳಬೇಕು. ಅಷ್ಟರಲ್ಲಿ ಅವಳೇ ಹೇಳಿದಳು: "ಮರ್ವಿನ್, ಈ ಸಲ ಒಂದು ಪದ್ಯ ಬಂದಿದೆ, ತೀರ್ಪುಗಾರರು ನಿನ್ನೆ ಫೋನಿನಲ್ಲಿ ಓದಿದ್ರು. ರಾತ್ರಿ ನಮ್ಮಮ್ಮನಿಗೆ ಫೋನ್ ಮಾಡಿ ಹೇಳ್ದೆ, ಈ ಊರಿಗೆ ಬಂದಿದ್ದು ದಂಡ ಆಗ್ಲಿಲ್ಲ ಅಂತ." ಅವಳ ಮುಖ ಹಬ್ಬದ ದಿನದ ಮಗುವಿನ ಮುಖದ ಹಾಗಿತ್ತು. ಮರ್ವಿನ್ ಆ ಚಕ್ಕೆಯನ್ನು ಇನ್ನೊಮ್ಮೆ ಒತ್ತಿ ನೋಡಿದ. ಸುತ್ತಿಗೆ ತರುತ್ತೇನೆ ಎಂದು ಹೇಳಿ ಇಳಿದು ಹೋದ. ಸುತ್ತಿಗೆ ಅವನ ಕೈಯಲ್ಲೇ ಇತ್ತು.

ಹನ್ನೊಂದೂವರೆಗೆ ತೀರ್ಪುಗಾರ ತೆಗ್ವಿನ್ ಪಾದ್ರಿ ಕನ್ನಡಕ ಏರಿಸಿಕೊಂಡು ಎದ್ದರು. ಆರುನೂರು ಮಕ್ಕಳು, ಲೀಕ್ ವಾಸನೆ, ಕಿಟಕಿಯ ಗಾಜಿನ ಮೇಲೆ ಉಸಿರಿನ ಮಂಜು. ಮರ್ವಿನ್ ತನ್ನ ಗಲಾಟೆ ವಿಭಾಗದ ಹಿಂದೆ, ಗೋಡೆಗೆ ಒತ್ತಿಕೊಂಡ ಬೆಂಚಿನ ತುದಿಯಲ್ಲಿ ಕೂತಿದ್ದ. ಮುಂದಿನ ಸಾಲಿನಲ್ಲೇ ಜೆಮಾಳ ಬೆನ್ನು. ಎರಡನೆಯ ಸ್ಥಾನದಿಂದ ಶುರು ಮಾಡುತ್ತೇನೆ ಎಂದರು ಪಾದ್ರಿ. ಎಷ್ಟು ತೊಳೆದರೂ ಚಿಪ್ಸಿಗೆ ಹಾಕುವ ವಿನಿಗರ್ ವಾಸನೆ ಹೋಗದ ಕೈಗಳ ಬಗ್ಗೆ, ಆ ಕೈಯನ್ನು ನೃತ್ಯಕ್ಕೆ ಕರೆದ ಹುಡುಗನಿಗೆ ಕೊಡಲು ನಾಚಿದ್ದರ ಬಗ್ಗೆ ಒಂದು ಪದ್ಯ. ಎರಡು ಸಾಲು ಓದಿದರು. ಜೆಮಾಳ ಭುಜ ಕಿವಿಯ ತನಕ ಏರಿತು. ಅವಳು ಬರೆದಿದ್ದಾಳೆ, ಈ ಹುಡುಗಿ ಬರೆದೇಬಿಟ್ಟಿದ್ದಾಳೆ ಎಂದು ಮರ್ವಿನ್‌ಗೆ ಕೂತಲ್ಲೇ ಚಪ್ಪಾಳೆ ತಟ್ಟಬೇಕೆನ್ನಿಸಿತು, ಮರುಕ್ಷಣ ಇನ್ನೊಂದು ಯೋಚನೆ ಬಂತು. ಇವಳು ಎರಡನೆಯವಳಾದರೆ ಮೊದಲನೆಯವರು ಯಾರು? ಪಾದ್ರಿ ಹಾಳೆ ತಿರುಗಿಸಿದರು. ಗೆದ್ದ ಪದ್ಯದಲ್ಲಿ ತಪ್ಪುಗಳಿವೆ, ಎಣಿಸಿದ್ದೇನೆ, ಏಳು ಎಂದರು. ತಪ್ಪಿಲ್ಲದ ಪದ್ಯಗಳೂ ಬಂದಿವೆ, ಅವು ಯಾವುದೂ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಲಿಲ್ಲ ಎಂದರು. ಆಮೇಲೆ ಓದಿದರು. ಅಜ್ಜಿಯ ಕೈ ಬಿಲ್ಲೆ ಇಡುತ್ತ ಎಣಿಸುತ್ತಿತ್ತು. ನಾನು ಬಿಲ್ಲೆ ತಿಂದೆ, ಎಣಿಕೆ ತಟ್ಟೆಯಲ್ಲೇ ಬಿಟ್ಟೆ. ಈಗ ಈ ಮಕ್ಕಳ ನಡುವೆ ಕೂತು, ಹಸಿವಾದವನು, ತಟ್ಟೆ ಬಳಿಯುತ್ತಿದ್ದೇನೆ.

"ನದ್ದಿಯೋನ್" ಎಂದು ಕೂಗಿದರು ಪಾದ್ರಿ. "ಕಹಳೆ ಊದಿದಾಗ ನದ್ದಿಯೋನ್, ಅವರೊಬ್ಬರೇ, ಎದ್ದು ನಿಲ್ಲಲಿ." ಬ್ಯಾಂಡಿನ ಹುಡುಗ ಕಾರ್ನೆಟ್ ಊದಿದ. ಯಾರೂ ಏಳಲಿಲ್ಲ. ಮರ್ವಿನ್‌ನ ಎರಡೂ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡವು. ಆಗ ಅವನ ತಲೆಯಲ್ಲಿ ಒಂದು ಒಳ್ಳೆಯ ಮಾತು ಹುಟ್ಟಿತು: ಮಕ್ಕಳ ಕುರ್ಚಿಯನ್ನು ಒಬ್ಬ ಮುದುಕ ಕಿತ್ತುಕೊಳ್ಳುವುದು ಸರಿಯಲ್ಲ, ಅದರಲ್ಲೂ ಜೆಮಾಳಿಂದ. ಎಷ್ಟು ಉದಾರವಾದ ಮಾತು. ಅದರ ಹಿಂದೆ ಒಂಬತ್ತು ವರ್ಷದವನೊಬ್ಬ ಅವಿತು ಕೂತಿದ್ದ. ತಾನು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ, ಇನ್ನೆರಡು ಸಲ ಕೂಗುತ್ತಾರೆ, ಮುಗಿಯುತ್ತದೆ ಎಂದು ಸಮಾಧಾನ ಹೇಳಿಕೊಂಡ. ಆದರೆ ಮುಂದಿನ ಸಾಲಿನಲ್ಲಿ ಒಂದು ತಲೆ ಹಿಂದಕ್ಕೆ ತಿರುಗಿತು. ಆಮೇಲೆ ಇನ್ನೊಂದು. ಆಮೇಲೆ ಒಟ್ಟಿಗೆ ಇಪ್ಪತ್ತೆರಡೂ ತಲೆಗಳು, ಒಂದು ಅಕ್ಷರ ವೆಲ್ಷ್ ಬರುವುದಿಲ್ಲ ಎಂದು ಶಾಲೆ ಬರೆದಿಟ್ಟಿದ್ದ ಇಪ್ಪತ್ತೆರಡೂ ತಲೆಗಳು, ಅವನ ಕಡೆಗೇ ತಿರುಗಿದವು. ಬಾಯಲ್ಲಿ ಲೀಕ್ ತುಂಬಿಕೊಂಡಿದ್ದ ಒಬ್ಬ ಅಗಿಯುವುದನ್ನು ನಿಲ್ಲಿಸಿ, "ಸರ್, ಅದು ನಮ್ಮ ಡಬ್ಬಿ ಅಲ್ವಾ" ಎಂದ.

ಡಬ್ಬಿ. ಕಾರ್ಯಾಗಾರದ ಬಾಗಿಲ ಪಕ್ಕದಲ್ಲಿ ನಿಂತಿರುವ, ಮರದ ಚೂರು ತುಂಬುವ ದೊಡ್ಡ ಡಬ್ಬಿ. ಅದರ ಮೇಲೆ ಕಪ್ಪು ಬಣ್ಣದಲ್ಲಿ, ಗೋರಿಕಲ್ಲಿನ ಅಕ್ಷರದಲ್ಲಿ, ಅವನೇ ಬರೆದು ಅವನೇ ಮೊಳೆ ಹೊಡೆದ ಪಟ್ಟಿ. ಎರಡು ವರ್ಷದಿಂದ ಈ ಶಾಲೆಯ ಪ್ರತಿ ಮಗುವೂ ಪೀರಿಯಡ್ಡು ಮುಗಿದ ಮೇಲೆ ನೆಲ ಗುಡಿಸಿ ಅದರೊಳಗೆ ಸುರಿದಿದೆ, ಸುರಿಯುವಾಗ ಓದಿದೆ. ಓದದೆ ಇದ್ದವನು ಒಬ್ಬನೇ. ಬಚ್ಚಿಟ್ಟುಕೊಳ್ಳಲು ಒಂದು ಗಂಟೆ ಹುಡುಕಿ ತನ್ನದೇ ಬಾಗಿಲ ಪಕ್ಕದ ಹೆಸರನ್ನು ಆರಿಸಿಕೊಂಡಿದ್ದ. ನಗು ಮುಂದಿನ ಸಾಲಿನಿಂದ ಎದ್ದು ಅದರ ಮುಂದಿನ ಸಾಲಿಗೆ, ಅಲ್ಲಿಂದ ವೇದಿಕೆಯ ತನಕ ಹೋಯಿತು. ಅರ್ಥವಾಗದೆ ಪಿಳಿಪಿಳಿ ನೋಡುತ್ತಿದ್ದವರು ಲೂನೆಡ್ ಬಿಟ್ಟು ಉಳಿದ ಶಿಕ್ಷಕರು ಮಾತ್ರ. ಪಾದ್ರಿ ಎರಡನೆಯ ಸಲ ಕೂಗಿದರು. ಜೆಮಾ ಬೆಂಚಿನ ಮೇಲೆ ಕೈಯೂರಿ ಹಿಂದಕ್ಕೆ ಬಗ್ಗಿದಳು. ನಗುತ್ತಿರಲಿಲ್ಲ.

"ಏಳಿ ಸರ್."

"ಕುರ್ಚಿ ನಿನ್ನ ಅಳತೇದು ಕಣೇ" ಎಂದ ಮರ್ವಿನ್, ಪಿಸುದನಿಯಲ್ಲಿ.

"ಅದಕ್ಕೇ ಹೇಳ್ತಿರೋದು. ನಿಮಗೆ ಸೋತ್ರೆ ಪರವಾಗಿಲ್ಲ. ಖಾಲಿ ಕುರ್ಚಿಗೆ ಸೋತೋಳು ಅಂತ ಅನ್ನಿಸ್ಕೊಳ್ಳಲ್ಲ ನಾನು."

ಮೂರನೆಯ ಸಲ ಕೂಗುವ ಮೊದಲೇ ಮರ್ವಿನ್ ಎದ್ದ. ಎದ್ದದ್ದು ಅಷ್ಟು ಸಲೀಸಾಗಿತ್ತು, ನಲವತ್ತೆಂಟು ವರ್ಷ ಯಾತಕ್ಕೆ ಕೂತಿದ್ದೆ ಎಂದು ಅವನಿಗೇ ಆಶ್ಚರ್ಯವಾಯಿತು. ಸಭಾಂಗಣ ಕೂಗಿತು, ಕಾಲು ಬಡಿಯಿತು. ಬೆಂಚುಗಳ ಸಂದು ಸಡಿಲವಾಗುತ್ತವೆ, ನಾಳೆ ರಿಪೇರಿ ತನ್ನ ತಲೆಗೇ ಬರುತ್ತದೆ ಎಂಬ ಯೋಚನೆ ಕೂಡ ಹಿತವಾಗಿತ್ತು. ಇಬ್ಬರು ಹುಡುಗಿಯರು ಬಂದು ನೇರಳೆ ಬಣ್ಣದ ನಿಲುವಂಗಿ ಹೊದಿಸಿದರು. ಅದೂ ಮಕ್ಕಳ ಅಳತೆಯದು, ಮೊಣಕೈಗೆ ಬಂದು ನಿಂತಿತು. ವೇದಿಕೆ ಹತ್ತುವಾಗ ಲೂನೆಡ್ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವನು ಕುರ್ಚಿಯಲ್ಲಿ ಕೂತ, ಕೂತ ಎನ್ನುವುದಕ್ಕಿಂತ ತನ್ನನ್ನು ಅದರೊಳಗೆ ತುರುಕಿಕೊಂಡ. ಮಂಡಿ ಎದೆಯ ಹತ್ತಿರ ಬಂತು. ಎಡಗೈ ತಾನಾಗಿಯೇ ಹೋಗಿ ಮುಚ್ಚಿದ ಬಿರುಕಿನ ಮೇಲೆ ಕೂತಿತು. ಅವನೇ ಪ್ಲೈವುಡ್‌ನಲ್ಲಿ ಮಾಡಿ ಬೆಳ್ಳಿ ಬಣ್ಣ ಬಳಿದಿದ್ದ ಕತ್ತಿಯನ್ನು ಅವನ ತಲೆಯ ಮೇಲೆ ಹಿಡಿದು, ಒರೆಯಿಂದ ಅರ್ಧ ಎಳೆದು, ಲೂನೆಡ್ ಮೂರು ಸಲ ಕೇಳಬೇಕಾದ ಪ್ರತಿವರ್ಷದ ಪ್ರಶ್ನೆ ಕೇಳಿದಳು: ಶಾಂತಿ ಇದೆಯೇ? "ಹೆದ್ದುಖ್" ಎಂದು ಕೂಗಿತು ಸಭೆ, ಶಾಂತಿ ಇದೆ. ಎರಡನೆಯ ಸಲ ಗಲಾಟೆ ವಿಭಾಗದ ಕೂಗಿಗೆ ಕಿಟಕಿಯ ಗಾಜು ನಡುಗಿತು. ಮೂರನೆಯ ಸಲ ಕೇಳುವಾಗ ಲೂನೆಡ್ ಸಭೆಯ ಕಡೆ ನೋಡಲಿಲ್ಲ, ಬಗ್ಗಿ ಅವನನ್ನೇ ನೋಡಿದಳು. ಕುರ್ಚಿಯಲ್ಲಿ ಕೂತವನು ಉತ್ತರ ಹೇಳುವ ಪದ್ಧತಿ ಇಲ್ಲ. ಮರ್ವಿನ್ ಹೇಳಿದ. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಆ ಒಂದು ಶಬ್ದ ಹೇಳಿದ, ಆಮೇಲೆ ಅದರ ಹಿಂದೆಯೇ, ಎರಡು ವರ್ಷ ತಡವಾಗಿ, ಅವಳ ಭಾಷೆಯಲ್ಲೇ, ತಪ್ಪಾಯಿತು ಎಂದ. ಲೂನೆಡ್‌ಳ ಕಣ್ಣು ತುಂಬಿತು. ಈ ಸಲ ಅವಳು ಹೊರಗೆ ಓಡಲಿಲ್ಲ, ಕತ್ತಿ ಹಿಡಿದೇ ನಿಂತು ನಕ್ಕಳು.

ಎರಡನೆಯ ಬಹುಮಾನಕ್ಕೆ ಜೆಮಾಳನ್ನು ಕರೆದರು. ಅವಳು ಪಾದ್ರಿಯ ಕೈ ಕುಲುಕಿ, ಪುಸ್ತಕ ಇಸಿದುಕೊಂಡು, ಇಳಿದು ಹೋಗುವವಳು ಕುರ್ಚಿಯ ಮುಂದೆ ನಿಂತಳು. ಮರಗೆಲಸದವರು ನೋಡುವ ಹಾಗೆ ನೋಡಿದಳು: ಮೊದಲು ಕಾಲು, ಆಮೇಲೆ ಬೆನ್ನು, ಆಮೇಲೆ ಅದರೊಳಗೆ ಸಿಕ್ಕಿಹಾಕಿಕೊಂಡಿದ್ದ ಮನುಷ್ಯ. ನಾಳೆ ಬಿಡುವಿನಲ್ಲಿ ಮುಂದಿನ ವರ್ಷದ ಕುರ್ಚಿಗೆ ಮರ ನೋಡೋಣವೇ ಎಂದು ಮರ್ವಿನ್ ಕೇಳಿದ. ಯಾವ ಭಾಷೆಯಲ್ಲಿ ಕೇಳಿದೆ ಎಂಬುದು ಅವನ ಗಮನಕ್ಕೆ ಬರಲಿಲ್ಲ. ಅವಳು ಅದೇ ಭಾಷೆಯಲ್ಲಿ ಉತ್ತರ ಕೊಟ್ಟಳು.

"ನೋಡೋಣ ಸರ್. ಆದ್ರೆ ಅಳತೆ ಮಾತ್ರ ಬದಲಾಯಿಸ್ಬೇಡಿ."